ಹಸಿರು ಕೋಟಿನ ಒಳಮಡಿಕೆ

ಗಂಡಸು ಕುಣಿಯುವುದನ್ನು ಕಂಡರೆ ನಮ್ಮ ಪ್ಯಾರಿಸ್ಸಿನ ದೊಡ್ಡಮನುಷ್ಯರಿಗೆ ಹೊಟ್ಟೆ ತೊಳಸುತ್ತದಂತೆ. ವರ್ಷವಿಡೀ ಮುಂದಿನ ಸಾಲಿನ ಕುರ್ಚಿ ಹಿಡಿದು, ಕಣ್ಣಿಗೆ ದುರ್ಬೀನು ಹಚ್ಚಿಕೊಂಡು ಹುಡುಗಿಯರ ಕಣಕಾಲು ನೋಡುವ ಮಹಾಶಯರು ಇವರು. ಒಬ್ಬ ಗಂಡಸು ಬಿಗಿ ಷರಾಯಿ ತೊಟ್ಟು ರಂಗಕ್ಕೆ ಬಂದನೋ, ಕೂಡಲೇ ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ನಾನು ಈ ರಂಗಮಂದಿರದಲ್ಲಿ ಗಂಡಸರ ವೇಷ ಹೊಲಿಯುವ ಮೇಸ್ತ್ರಿ, ಹೆಸರು ಲಕಾಜ್. ಕುಣಿಯುವ ಗಂಡಸೇ ಬೇಡ ಅಂದಮೇಲೆ ಅವನ ದರ್ಜಿಯ ಪಾಡೇನು ಅಂತ ಯಾರೂ ಕೇಳಲಿಲ್ಲ. ನನ್ನ ಪಾಡು ಹಾಳಾಗಲಿ, ಆನ್ಸೆಲ್ಮ್ ಬುತ್ರಿಯದು ಹೇಳುತ್ತೇನೆ.

ಆನ್ಸೆಲ್ಮ್ ರುವಾನ್ ಊರಿನ ಪೀಪಾಯಿ ಮಾಡುವವನ ಮಗ. ಎಂಟನೇ ವಯಸ್ಸಿಗೆ ನಮ್ಮ ನೃತ್ಯಶಾಲೆಗೆ ಸೇರಿದ. ಜಾರದಿರಲಿ ಅಂತ ಪ್ರತಿಯೊಬ್ಬರೂ ತಾವು ನಿಲ್ಲುವ ಜಾಗದ ಹಲಗೆಗೆ ನೀರು ಚಿಮುಕಿಸಿಕೊಳ್ಳಬೇಕು. ಇವನು ಎಲ್ಲರಿಗಿಂತ ಮೊದಲು ಬಂದು ನೀರು ಚಿಮುಕಿಸಿ, ಬೇರೆಯವರು ಆಕಳಿಸುತ್ತ ಒಳಗೆ ಬರುವ ಹೊತ್ತಿಗೆ ಬೆವರಿ ತೊಪ್ಪೆಯಾಗಿರುತ್ತಿದ್ದ. ಹಾರಿದರೆ ಇಳಿದದ್ದು ಕಿವಿಗೆ ಕೇಳಿಸುತ್ತಿರಲಿಲ್ಲ. ಇಪ್ಪತ್ಮೂರಕ್ಕೆ ಅವನಿಗೆ ನಾಯಕನ ಪಾತ್ರ ಸಿಕ್ಕಿತು. ಹಳೇ ಮರವೊಂದರಲ್ಲಿ ವಾಸವಿರುವ ಕನ್ಯೆಯನ್ನು ಬೇಟೆಗಾರನೊಬ್ಬ ಪ್ರೀತಿಸುತ್ತಾನೆ. ಮರ ಬಿಟ್ಟರೆ ಅವಳು ಬದುಕುವುದಿಲ್ಲ. ಕೊನೆಗೆ ಬೇಟೆಗಾರ ಅವಳನ್ನು ತಲೆಯ ಮೇಲಕ್ಕೆ ಎತ್ತಿ ಕೊಂಬೆಗೆ ಒಪ್ಪಿಸಿಬಿಡುತ್ತಾನೆ. ಕತೆ ಅಷ್ಟೇ.

ಆ ಬೇಟೆಗಾರನಿಗೆ ನಾನು ಹಸಿರು ಮಖಮಲ್ಲಿನ ಕೋಟು ಕತ್ತರಿಸಿದೆ. ಲಿಯೋನ್ ಊರಿನ ಮಖಮಲ್, ಕೊಂಬಿನ ಗುಂಡಿ. ಹನ್ನೊಂದು ಸಲ ತೊಡಿಸಿ ನೋಡಿದೆ. ತೋಳೆತ್ತಿದರೆ ಸೊಂಟ ಮೇಲೇರಬಾರದು, ಹಾರಿದರೆ ಕಂಕುಳು ಬಿರಿಯಬಾರದು. ನನ್ನ ಕೈಯಿಂದ ಅಂಥ ಕೋಟು ಹಿಂದೆಯೂ ಬಂದಿಲ್ಲ, ಮುಂದೆಯೂ ಬರುವುದಿಲ್ಲ.

ಮೊದಲ ಪ್ರದರ್ಶನಕ್ಕೆ ಮೂರು ದಿನವಿತ್ತು. ಆನ್ಸೆಲ್ಮ್ ಕೋಟು ತೊಟ್ಟು ನನ್ನ ಮೇಜಿನ ಮೇಲೆ ನಿಂತಿದ್ದ, ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಆಗ ವ್ಯವಸ್ಥಾಪಕ ವೆರ್ದಿಯೇ ಒಳಗೆ ಬಂದ. ಜೊತೆಗೆ ಕ್ಲೋರಿಂದ್, ಆ ವರ್ಷ ಊರೆಲ್ಲ ಹುಚ್ಚೆದ್ದು ನೋಡುತ್ತಿದ್ದ ಕುಣಿತಗಾರ್ತಿ.

"ಮೇಸ್ತ್ರಿ, ಈ ಕೋಟು ಇವ್ರ ಅಳತೆಗೆ ಮಾಡ್ಕೊಡಿ" ಅಂದ ವೆರ್ದಿಯೇ.

ಇನ್ನೇನು ಸೂಜಿ ನುಂಗಿಬಿಡುತ್ತಿದ್ದೆ. "ಬೇಟೆಗಾರ ಇವನಲ್ವೇ ಸ್ವಾಮಿ?"

"ಇನ್ಮೇಲೆ ಇವ್ರು. ಹೆಣ್ಣು ಗಂಡುವೇಷ ಹಾಕಿದ್ರೆ ಜನ ಮುಗಿಬಿದ್ದು ಬರ್ತಾರೆ. ಗಂಡು ಗಂಡುವೇಷ ಹಾಕಿದ್ರೆ ಯಾರ್ರೀ ನೋಡ್ತಾರೆ?"

ಮೇಜಿನ ಮೇಲಿಂದ ಆನ್ಸೆಲ್ಮ್ ಮೆಲ್ಲಗೆ ಕೇಳಿದ. "ಕೊನೇಲಿ ಸೆರಾಫೀನ್‌ನ ಎತ್ಬೇಕಲ್ಲ. ಯಾರು ಎತ್ತುತ್ತಾರೆ?"

ಸೆರಾಫೀನ್ ಅಂದರೆ ಮರದ ಕನ್ಯೆಯ ಪಾತ್ರದವಳು. ಕ್ಲೋರಿಂದ್ ಕಿಸಕ್ಕನೆ ನಕ್ಕಳು. "ನನ್ನ ಕೈಲಂತೂ ಆಗಲ್ಲಪ್ಪ. ಅವಳು ಬೆಳಿಗ್ಗೆ ಎಷ್ಟು ಬ್ರೆಡ್ ಬಾರಿಸ್ತಾಳೆ ಅಂತ ನಂಗೊತ್ತು."

ವೆರ್ದಿಯೇ ಆನ್ಸೆಲ್ಮನ ತೋಳುಗಳನ್ನು ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗೆ ನೋಡಿದ. ಆಮೇಲೆ, "ಮರ ಎತ್ತುತ್ತೆ" ಅಂದ.

ಹಾಗಾಗಿ ನಾನು ಮರ ಹೊಲಿದೆ! ಬೆತ್ತದ ಚೌಕಟ್ಟಿಗೆ ಗೋಣಿಬಟ್ಟೆ, ಅದರ ಮೇಲೆ ಬಣ್ಣದ ತೊಗಟೆ, ಉಣ್ಣೆಯ ಪಾಚಿ. ತೋಳುಗಳೇ ಕೊಂಬೆ. ಎರಡನೇ ಅಂಕದಲ್ಲಿ ಪರದೆ ಏಳುವ ಮೊದಲೇ ಆನ್ಸೆಲ್ಮ್ ಒಳಗೆ ಹೋಗಿ ನಿಲ್ಲಬೇಕು. ಮುಕ್ಕಾಲು ಗಂಟೆ ಅಲ್ಲಾಡುವ ಹಾಗಿಲ್ಲ. ಕೊನೆಯಲ್ಲಿ ಕ್ಲೋರಿಂದ್ ಮೊಣಕಾಲೂರಿ ಅಳುವಾಗ ಕೊಂಬೆಗಳು ಕೆಳಗಿಳಿದು, ಬಿಳೀ ಲಂಗದ ಸೆರಾಫೀನ್‌ಳನ್ನು ಹೂವೆತ್ತಿದ ಹಾಗೆ ಮೇಲಕ್ಕೆತ್ತುತ್ತವೆ. ಮೊದಲ ದಿನ ಜನ ಎದ್ದು ನಿಂತು ಕೂಗಿದರು. ಮಾರನೆಯ ದಿನದ ಪತ್ರಿಕೆಯಲ್ಲಿ ಏನಿತ್ತು ಗೊತ್ತೇ? 'ಮರದ ಯಂತ್ರ ಅದ್ಭುತವಾಗಿದೆ, ಅದನ್ನು ತಯಾರಿಸಿದ ಕುಶಲಕರ್ಮಿಗೆ ಭೇಷ್.' ಓದಿ ನನಗೆ ಮೈಯೆಲ್ಲ ಉರಿಯಿತು. ಆನ್ಸೆಲ್ಮ್ ಅದನ್ನು ಎರಡು ಸಲ ಓದಿ, ಮಡಿಸಿ, ಅಲುಗಾಡುತ್ತಿದ್ದ ನನ್ನ ಮೇಜಿನ ಕಾಲಿಗೆ ಒತ್ತುಕೊಟ್ಟ.

ಇನ್ನು ಆ ಕೋಟು. ಷರಾಯಿ ಇರುವ ವೇಷವೆಲ್ಲ, ಅದರ ಕೋಟೂ ಸೇರಿ, ಕೆಳಗಿನ ನಮ್ಮ ಕೋಣೆಯದು, ಲಂಗವೆಲ್ಲ ಮೇಲಿನ ಹೆಂಗಸರ ಕೋಣೆಯದು ಅಂತ ಇಲ್ಲಿನ ಕಟ್ಟಳೆ. ಆದರೆ ಹೆಂಗಸಿನ ಮೈಗೆ ನಾನು ಅಳತೆಪಟ್ಟಿ ಹಿಡಿಯುವ ಹಾಗಿಲ್ಲ. ಮೇಲಿನ ಹೆಂಗಸರು ದಾರಕ್ಕೆ ಗಂಟು ಹಾಕಿ ಕ್ಲೋರಿಂದಳ ಅಳತೆ ಕಳಿಸಿದರು. ಕೋಟನ್ನು ಎಲ್ಲ ಕಡೆ ಮೂರು ಬೆರಳು ಕಿರಿದು ಮಾಡಬೇಕಿತ್ತು. ಹೆಚ್ಚಾದ ಬಟ್ಟೆಯನ್ನು ಯಾವ ದರ್ಜಿಯಾದರೂ ಕತ್ತರಿಸಿ ಬಿಸಾಡುತ್ತಾನೆ, ಮಖಮಲ್ ದಪ್ಪ, ಒಳಗೆ ಮಡಿಸಿದರೆ ಉಬ್ಬುತ್ತದೆ. ಕತ್ತರಿ ಹಿಡಿದೆ. ಕೈ ಬರಲಿಲ್ಲ. ಎಲ್ಲವನ್ನೂ ಒಳಗೆ ಮಡಿಸಿ ಅಸ್ತರಿಗೆ ಸೇರಿಸಿ ಹೊಲಿದುಬಿಟ್ಟೆ.

"ಏನ್ ಮೇಸ್ತ್ರಿ, ಒಳಗೆ ಕಂಬಳಿ ತುಂಬಿದೀರಾ? ಬೆಂದು ಹೋಗ್ತಿದೀನಿ" ಅಂತ ಕ್ಲೋರಿಂದ್ ರೇಗಿದಳು.

"ಗಂಡಸಾಗೋದು ಅಷ್ಟು ಸಲೀಸಲ್ಲ ತಾಯಿ" ಅಂದೆ.

ಆನ್ಸೆಲ್ಮನಿಗೆ ಮಾತ್ರ ಗುಟ್ಟಾಗಿ ಹೇಳಿದೆ. "ನಿನ್ನ ಬಟ್ಟೆ ಒಳಗೇ ಇದೆ ಕಣೋ. ಈ ಹುಚ್ಚು ಒಂದು ವರ್ಷ ಇರುತ್ತೆ. ಆಮೇಲೆ ಬಿಚ್ಚಿದರಾಯ್ತು." ದೊಡ್ಡ ಉಪಕಾರ ಮಾಡಿದೆ ಅಂತ ಆ ದಿನ ನನಗೆ ಎಂಥ ಹೆಮ್ಮೆ!

ಹುಚ್ಚು ಒಂಬತ್ತು ವರ್ಷ ಇತ್ತು. ಆನ್ಸೆಲ್ಮ್ ಬೆಳಿಗ್ಗೆ ಖಾಲಿ ಶಾಲೆಯಲ್ಲಿ ನೀರು ಚಿಮುಕಿಸಿ ಬೇಟೆಗಾರನ ಹೆಜ್ಜೆಗಳನ್ನೆಲ್ಲ ಹಾಕುವನು, ಸಂಜೆ ಮರದೊಳಗೆ ಹೋಗಿ ನಿಲ್ಲುವನು. ವಾರಕ್ಕೊಮ್ಮೆ ನನ್ನ ಕೋಣೆಗೆ ಬಂದು ಸೂಪಿನ ರುಚಿ, ಚಳಿ, ಅದೂ ಇದೂ ಮಾತಾಡುತ್ತ, ಗೂಟದಲ್ಲಿದ್ದ ಕೋಟಿನ ಪಕ್ಕದ ಹೊಲಿಗೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡುವನು. ದಪ್ಪ ಹಾಗೇ ಇದ್ದರೆ ಸಮಾಧಾನ. ನಾಲ್ಕನೇ ವರ್ಷ ಕೋಪನ್‌ಹೇಗನ್‌ನಿಂದ ಗೆಳೆಯನೊಬ್ಬ ಕಾಗದ ಬರೆದ. ಅಲ್ಲಿ ಗಂಡಸರನ್ನು ಇನ್ನೂ ಕುಣಿಯಲು ಬಿಡುತ್ತಾರೆ, ಬಾ ಅಂತ. "ಮುಂದಿನ್ವರ್ಷ ನೋಡೋಣ ಮೇಸ್ತ್ರಿ. ಇಲ್ಲಿ ಕೋಟು ಇದೆಯಲ್ಲ" ಅಂದ ಆನ್ಸೆಲ್ಮ್. ನಾನೂ ಹೂಂ ಅಂದೆ. ನನ್ನ ಬಾಯಿಗಿಷ್ಟು ಮಣ್ಣು!

ಒಂಬತ್ತನೇ ವರ್ಷದ ಫೆಬ್ರವರಿಯಲ್ಲಿ, ಮಧ್ಯಾಹ್ನದ ತಾಲೀಮಿನಲ್ಲಿ ಕ್ಲೋರಿಂದ್ ಕಾಲು ಉಳುಕಿಸಿಕೊಂಡಳು. ಆನ್ಸೆಲ್ಮ್ ಅರ್ಧ ತೊಗಟೆ ಮೈಮೇಲಿದ್ದಂತೆಯೇ ಓಡಿ ಬಂದ.

"ಮೇಸ್ತ್ರಿ, ಬಿಚ್ಚಿ!"

ಇಬ್ಬರೂ ಕೂತು ಬಿಚ್ಚಿದೆವು. ಹಬೆ ಹಿಡಿದೆ, ಮಡಿಕೆ ಹೋಯಿತು, ಹೊಸದಾಗಿ ಹೊಲಿದೆ. ಆಗಲೇ ಕಣ್ಣಿಗೆ ಬಿದ್ದದ್ದು. ಒಂಬತ್ತು ವರ್ಷದ ದೀಪ, ಧೂಳು, ಬೆವರಿಗೆ ಹೊರಗಿನ ಮಖಮಲ್ ಒಣಗಿದ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಒಳಗಿದ್ದದ್ದು ಮಾತ್ರ ಅಂಗಡಿಯಿಂದ ಬಂದ ದಿನದ ಕಡುಹಸಿರು. ಪಕ್ಕೆ, ಬೆನ್ನು, ತೋಳು, ಎಲ್ಲೆಲ್ಲೂ ಪಟ್ಟೆ. ಆನ್ಸೆಲ್ಮನಿಗೆ ಅದು ಕಾಣಿಸಲೇ ಇಲ್ಲ. ತೊಟ್ಟು ಕನ್ನಡಿ ಎದುರು ನಿಂತು, ತೋಳೆತ್ತಿ, "ಸೊಂಟ ಮೇಲೇರಲಿಲ್ಲ ನೋಡಿ" ಅಂದ.

ವೆರ್ದಿಯೇ ಬಾಗಿಲಲ್ಲೇ ನಿಂತ. "ಏನಯ್ಯಾ ಇದು, ಕಲ್ಲಂಗಡಿ ಹಣ್ಣು?"

"ಬೇಟೆಗಾರನ ಒಂದೊಂದು ಹೆಜ್ಜೆನೂ ನಂಗೆ ಬರುತ್ತೆ ಸ್ವಾಮಿ. ಸೆರಾಫೀನ್‌ನ ನಾನೇ ಎತ್ತುತ್ತೀನಿ. ಮರದ ವೇಷ ಬೇಕಾಗೇ ಇಲ್ಲ."

"ಜನ ಬರೋದೇ ಮರ ನೋಡೋಕೆ ಕಣಯ್ಯ! ನೀನು ಹೊರಗೆ ಬಂದ್ರೆ ಅದ್ರೊಳಗೆ ಯಾರಿರ್ತಾರೆ?" ವೆರ್ದಿಯೇ ಅವನ ಹೆಗಲ ಮೇಲೆ ಕೈಯಿಟ್ಟ. ಕೆಟ್ಟವನಲ್ಲ, ಪ್ರೀತಿಯಿಂದಲೇ ಹೇಳಿದ, ಅದೇ ಹಿಂಸೆ. "ಬೇಟೆಗಾರನ ಪಾತ್ರ ಯಾವ ಹುಡುಗಿ ಬೇಕಾದ್ರೂ ಮಾಡ್ತಾಳೆ ಬುತ್ರಿ. ಆ ಮರ ನಿನ್ನೊಬ್ಬನ ಕೈಲೇ ಆಗೋದು. ಮೇಸ್ತ್ರಿ, ಸಂಜೆಯೊಳಗೆ ಕೋಟು ಮೊದಲಿನ ಹಾಗೆ ಮಾಡಿ. ಗುಂಪಿನಿಂದ ಒಬ್ಬಳನ್ನ ಆರಿಸಿದೀನಿ, ಕ್ಲೋರಿಂದಳದೇ ಅಳತೆ."

ಅವನು ಹೋದ. ಆನ್ಸೆಲ್ಮ್ ಒಂದೊಂದೇ ಗುಂಡಿ ಬಿಚ್ಚಿ, ಕೋಟನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ನೇವರಿಸಿದ. ಆಗ ಅವನಿಗೆ ಪಟ್ಟೆಗಳು ಕಂಡವು ಅನ್ನಿಸುತ್ತದೆ.

"ಕತ್ತರಿಸ್ಬಿಡಿ ಮೇಸ್ತ್ರಿ."

"ಯಾಕೋ? ಮತ್ತೆ ಮಡಿಸಿಡ್ತೀನಿ. ಮುಂದಿನ್ವರ್ಷ..."

"ಕತ್ತರಿಸಿ ಅಂದೆ. ಇದು ಒಳಗಿದೆ ಅಂತ್ಲೇ ನಾನು ಒಂಬತ್ತು ವರ್ಷ ಆ ಮರದೊಳಗೆ ನಿಂತೆ. ಅವತ್ತೇ ನೀವು ಕತ್ತರಿಸಿದ್ದಿದ್ರೆ ಅಳ್ತಿದ್ದೆ, ಬಯ್ತಿದ್ದೆ, ಆಮೇಲೆ ಎಲ್ಲಾದ್ರೂ ಹೋಗಿ ಕುಣೀತಿದ್ದೆ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಸೂಪಿಗೆ ಉಪ್ಪು ಕಮ್ಮಿ ಅನ್ನುವ ಹಾಗೆ ಹೇಳಿದ. ನಾನು ಹೊಲಿಗೆ ಬಿಚ್ಚಿ ಕತ್ತರಿ ತೆಗೆದುಕೊಂಡೆ. ಕಡುಹಸಿರು ಪಟ್ಟಿಗಳು ಒಂದೊಂದಾಗಿ ಕಾಲ ಬಳಿ ಬಿದ್ದವು. ಕೊನೆಯದು ಬೀಳುವವರೆಗೂ ನಿಂತಿದ್ದ. ಆಗ ಅವನಿಗೆ ಮೂವತ್ತೆರಡು, ಹೊಸ ಊರಲ್ಲಿ ನಾಯಕನಾಗುವ ವಯಸ್ಸಲ್ಲ.

ಆ ಸಂಜೆ ಮರ ಎಂದಿನಂತೆ ಸೆರಾಫೀನ್‌ಳನ್ನು ಎತ್ತಿತು. ಆ ವಾರವೇ ಆನ್ಸೆಲ್ಮ್ ರುವಾನಿಗೆ ಹೋದ. ಈಗ ಅಣ್ಣನ ಜೊತೆ ಪೀಪಾಯಿಗೆ ಕಬ್ಬಿಣದ ಬಳೆ ಬಡಿಯುತ್ತಾನಂತೆ. ಮರದೊಳಗೆ ಮಾರುಕಟ್ಟೆಯಲ್ಲಿ ಹಿಟ್ಟಿನ ಮೂಟೆ ಹೊರುತ್ತಿದ್ದವನೊಬ್ಬನನ್ನು ನಿಲ್ಲಿಸಿದ್ದಾರೆ. ಅವನು ಇನ್ನೂ ಒಂದು ಗೇಣು ಎತ್ತರಕ್ಕೆ ಎತ್ತುತ್ತಾನೆ. ಮರ ಬದಲಾಯಿತು ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ.

ಈಗಲೂ ಒಮ್ಮೊಮ್ಮೆ ಯಾವನೋ ಹುಡುಗನ ಅಳತೆಯ ಕೋಟು ಹುಡುಗಿಗೆ ಕಿರಿದು ಮಾಡಲು ಬರುತ್ತದೆ. ನಾನು ಆ ಹುಡುಗನನ್ನು ಕರೆಸಿ, ಅವನ ಕಣ್ಣೆದುರೇ ಹೆಚ್ಚಿನ ಬಟ್ಟೆಯನ್ನೆಲ್ಲ ಕತ್ತರಿಸಿ ಕೆಳಗೆ ಹಾಕುತ್ತೇನೆ. ಮುದುಕ ಕಟುಕ ಅಂತಾರೆ. ಅನ್ನಲಿ.