ಚೀನಾ ದೋಣಿಗೆ ಹಿಂಡಿದ ನಿಂಬೆಹಣ್ಣು

ಸಿನಿಮಾದವರು ಬಂದ ದಿನ ನಾನು ದೋಣಿಯೊಂದರ ಅಡಿಯಲ್ಲಿ ಮಲಗಿ ಹಳೇ ಬಣ್ಣ ಹೆರೆಯುತ್ತಿದ್ದೆ. ತೊಂಬತ್ತೆಂಟರ ಅಕ್ಟೋಬರ್ ತಿಂಗಳು, ಹಾಲೆಂಡಿನ ರೈಸ್‌ವೈಕ್‌ನಲ್ಲಿ ಕಾಲುವೆ ದಂಡೆಯ ಮೇಲೆ ಮರದ ದೋಣಿ ರಿಪೇರಿ ಮಾಡುವ ಅಂಗಳ. ಬಂದವರು ಒಬ್ಬ ಹೆಂಗಸು. ಚಿತ್ರಕ್ಕೆ ಬೇಕಾದ ಸಾಮಾನು ಹುಡುಕುವುದು ಅವರ ಕೆಲಸವಂತೆ. ಚೀನಾದ ಹಳೇ ಮಾದರಿಯ ಹಾಯಿದೋಣಿ ಬೇಕು, ಅಸಲಿಯೇ ಬೇಕು, ನಮ್ಮ ನಿರ್ದೇಶಕರು ಹಲಗೆಗೆ ಕ್ಯಾಮೆರಾ ತಾಗಿಸಿ ತೆಗೆಯುವವರು ಎಂದರು. ಹದಿನೈದು ದಿನದ ಗಡುವು. ಅಂಥ ದೋಣಿ ಯಾರಿಗಾದರೂ ಗೊತ್ತೇ ಎಂದು ಅಂಗಳದ ಯಜಮಾನ ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು.

ಗೊತ್ತಿದ್ದದ್ದು ಸುಳ್ಳಲ್ಲ. ಹಡಗಿನ ಬಡಗಿಯಾಗಿ ಹಾಂಗ್‌ಕಾಂಗಿಗೆ ಆರೇಳು ಸಲ ಹೋದವನು. ಆದರೆ ಹಾಲೆಂಡಿನಲ್ಲಿ ಅಂಥದ್ದು ಒಂದನ್ನೂ ಕಂಡಿರಲಿಲ್ಲ. ಅದನ್ನು ಹೇಳಲಿಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟು ಹೊನ್ನಾವರದ ಹೊಳೆದಂಡೆಯಲ್ಲಿ ಉಳಿ ಹಿಡಿದ ನನಗೆ ಕೆಲಸದ ವಿಷಯದಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಯಜಮಾನ ಪಕ್ಕಕ್ಕೆ ಕರೆದ. ನನ್ನ ಪರ್ಮಿಟ್ ಡಿಸೆಂಬರಿಗೆ ಮುಗಿಯುವುದಿತ್ತು. ಅವನು ಹೊಸ ಕರಾರು ಬರೆದುಕೊಟ್ಟರೆ ಉಳಿಯಬಹುದು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ನಿರ್ದೇಶಕರು ಒಪ್ಪುವ ದೋಣಿ ಹುಡುಕಿಕೊಡು, ಅದೇ ದಿನ ಸಹಿ ಹಾಕುತ್ತೇನೆ ಎಂದ. ಸಿಗದಿದ್ದರೆ, ಚಳಿಗಾಲದಲ್ಲಿ ಕೆಲಸ ಕಡಿಮೆ, ನಿನಗೇ ಗೊತ್ತಲ್ಲ ಎಂದೂ ಸೇರಿಸಿದ.

ಮರುದಿನವೇ ಎಡವಿದೆ. ಹಡಗಿನಲ್ಲಿ ನಾವು ಆ ದೋಣಿಗೆ ಜಂಕ್ ಎನ್ನುತ್ತಿದ್ದೆವು. ದ ಹೇಗ್‌ನ ಬಂದರಿನಲ್ಲಿ ಬಲೆ ಸರಿಮಾಡುತ್ತಿದ್ದ ಮುದುಕನೊಬ್ಬನಿಗೆ ನನ್ನ ಹರಕು ಡಚ್ಚಿನಲ್ಲಿ, ಹಳೇ ಚೀನಾ ಜಂಕ್ ಒಂದು ಬೇಕು, ಅಸಲಿಯೇ ಆಗಬೇಕು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ರೈಲ್ವೆ ಸ್ಟೇಷನ್ನಿನ ಹಿಂದೆ ಹೋಗು ಎಂದ. ಹೋದೆ. ಅಲ್ಲಿ ನೀರೇ ಇರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತ ನಾಲ್ಕಾರು ಜನ, ಸ್ವಲ್ಪ ದೂರದಲ್ಲಿ ಇಬ್ಬರು ಪೊಲೀಸರು.

ನನ್ನ ಕೋಣೆಯ ಮೇಲಿನ ಮಹಡಿಯಲ್ಲಿ ಮೈಸೂರಿನ ಇಂಜಿನಿಯರ್ ಒಬ್ಬ ಇದ್ದ. ನೂರ್ಡ್‌ವೈಕ್‌ನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ, ನನಗಿಂತ ಹತ್ತು ವರ್ಷ ಚಿಕ್ಕವನು. ನನಗೆ ಬರುವ ಡಚ್ ಕಾಗದಗಳನ್ನೆಲ್ಲ ಓದಿ ಹೇಳುವವನು ಅವನೇ. ಸಂಜೆ ನಡೆದದ್ದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಣ್ಣಾ, ಇಲ್ಲಿ ಜಂಕ್ ಅಂದ್ರೆ ಡ್ರಗ್ಸ್ ತಗೊಳ್ಳೋನು. ದೋಣಿಗೆ ಯೊಂಕ್ ಅನ್ಬೇಕು. ಹಳೇ ಚೀನಾ ಡ್ರಗ್ಸ್ ಗಿರಾಕಿ ಬೇಕು, ಒರಿಜಿನಲ್ಲೇ ಬೇಕು ಅಂತ ಕೇಳ್ಕೊಂಡ್ ಬಂದಿದೀರ ನೀವು.”

“ನಗಬೇಡ ತಮಾ. ಪೊಲೀಸ್ರು ಕೇಳಿದ್ರೆ ಪರ್ಮಿಟ್ಟಿಗೆ ಎಂತ ಆಗ್ತಿತ್ತು?” ಎಂದೆ.

ಯೊಂಕ್ ಎಂದು ಕೇಳುತ್ತ ಸೈಕಲ್ಲಿನಲ್ಲಿ, ರೈಲಿನಲ್ಲಿ ಅಲೆದೆ. ಹತ್ತನೇ ದಿನ ಲೈಡನ್ನಿನ ಆಚೆ ಒಂದು ಸರೋವರದಲ್ಲಿ ಸಿಕ್ಕಿತು. ಕೆಂಪು ಹಾಯಿ, ಬಿದಿರಿನ ಅಡ್ಡಪಟ್ಟಿ, ಮೂತಿಯ ಎರಡೂ ಬದಿಗೆ ಬರೆದ ಕಣ್ಣು. ಸಿನಿಮಾದ ಹೆಂಗಸು ಕಂಡ ಕೂಡಲೇ ಚಪ್ಪಾಳೆ ತಟ್ಟಿದರು, ಯಜಮಾನ ನನ್ನ ಬೆನ್ನು ತಟ್ಟಿದ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಹಲಗೆಯ ಸಂದಿಗಳು ಅಡಿಪಟ್ಟಿ ಇಟ್ಟು ಎಳೆದ ಗೆರೆಯ ಹಾಗಿದ್ದವು.

ನಮ್ಮ ಕಡೆ ಹಾಯಿದೋಣಿ ಕಟ್ಟುವಾಗ ಹಲಗೆಗಳ ಸಂದಿಗೆ ಹತ್ತಿ ತುರುಕಿ, ಮೇಲಿಂದ ಎಣ್ಣೆಯಲ್ಲಿ ಕುಟ್ಟಿದ ಸುಣ್ಣ ಮೆತ್ತುತ್ತಿದ್ದರು. ಸುಣ್ಣದಲ್ಲಿ ಮೋಸವಿದೆಯೋ ಎಂದು ನೋಡಲು ನಮ್ಮ ಮೇಸ್ತ್ರಿ ಅಲ್ಲೇ ಉಗುರಿನಿಂದ ಕೆರೆದು ನಿಂಬೆಹಣ್ಣು ಹಿಂಡುತ್ತಿದ್ದರು. ಸುಣ್ಣವಿದ್ದರೆ ನೊರೆ ಏಳುತ್ತದೆ. ಚೀನಾದವರದ್ದೂ ಸುಣ್ಣ–ಎಣ್ಣೆಯೇ ಎಂದು ಹಾಂಗ್‌ಕಾಂಗಿನ ಮುದಿ ಬಡಗಿಯೊಬ್ಬ ಮಾತಿಲ್ಲದೆ, ಅದರ ಉಂಡೆಯನ್ನು ನನ್ನ ಅಂಗೈಗೆ ಇಟ್ಟು ತಿಳಿಸಿದ್ದ. ಅದಕ್ಕೇ ದ ಹೇಗ್‌ನ ಇಂಡಿಯನ್ ಅಂಗಡಿಯಿಂದ ಎರಡು ನಿಂಬೆಹಣ್ಣು ತಂದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಒಂದನ್ನು ಕೊಯ್ದು ಸಂದಿಗೆ ಹಿಂಡಿದೆ. ಸಿನಿಮಾದ ಹೆಂಗಸು ಇದೇನೋ ನಮ್ಮ ಪೂಜೆ ಎಂದುಕೊಂಡು ಟೊಪ್ಪಿ ತೆಗೆದು ತಲೆ ಬಗ್ಗಿಸಿ ನಿಂತರು. ರಸ ಸುಮ್ಮನೆ ಇಳಿದುಹೋಯಿತು. ನೊರೆಯಿಲ್ಲ. ಡಬ್ಬಿಯ ಪ್ಲಾಸ್ಟಿಕ್ ಪುಟ್ಟಿ, ಯಾರೋ ಇಲ್ಲೇ ಕಟ್ಟಿದ ದೋಣಿ.

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ದಿನ ಮುಚ್ಚಿಕೊಂಡೂ ಇದ್ದೆ. ಆ ಸಂಜೆ ಮೇಲಿನ ಮಹಡಿಗೆ ಹೋಗಿ ಹೇಳಿದೆ.

“ಅವ್ರಿಗೇನ್ ಗೊತ್ತಾಗತ್ತೆ, ಬಿಡಿ ಅಣ್ಣ. ಮೊದ್ಲು ಸಹಿ ಹಾಕಿಸ್ಕೊಳ್ಳಿ,” ಎಂದ ಇಂಜಿನಿಯರ್.

“ನನಗೆ ಗೊತ್ತಾಯ್ತಲ್ಲ ತಮಾ. ನಾಳೆ ಯಾರಾದ್ರೂ ಕಂಡುಹಿಡಿದ್ರೆ, ಇವಂಗೆ ದೋಣಿ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ ಅಂತಾರೆ. ಅದೊಂದು ಮಾತು ಕೇಳೂಕೆ ನನ್ ಹತ್ರ ಆಗೂದಿಲ್ಲ.”

ಹೋಗಿ ಹೇಳಿದೆ. ಹೆಂಗಸು ಕುರ್ಚಿಯಲ್ಲಿ ಕುಸಿದರು. ಯಜಮಾನ ನನ್ನ ಜೊತೆ ಮಾತು ಬಿಟ್ಟ. ಉಳಿದದ್ದು ಮೂರು ದಿನ.

ಕೊನೆಗೆ ದಾರಿ ತೋರಿಸಿದವನು ‘ಬಿಡಿ’ ಎಂದಿದ್ದ ಇಂಜಿನಿಯರೇ. ಕೆಲಸಕ್ಕೆ ಹೋಗುವ ಬಸ್ಸಿನಿಂದ ದಿನಾ ಒಂದು ತಗಡಿನ ಮಾಡು ಕಾಣುತ್ತದೆ, ಮನೆ ಎಂದುಕೊಂಡಿದ್ದೆ, ಆದರೆ ಅದರ ಒಂದು ತುದಿ ದೋಣಿಯ ಹಿಂಭಾಗದ ಹಾಗೆ ಎದ್ದು ನಿಂತಿದೆ, ಮನೆ ಹಾಗಿರುವುದಿಲ್ಲವಲ್ಲ ಎಂದ. ಹೋಗಿ ನೋಡಿದರೆ ಕಾಲುವೆಯಲ್ಲಿ ಕಪ್ಪಗಾದ ದೋಣಿ, ಹಾಯಿಯಿಲ್ಲ, ಮೇಲೆಲ್ಲ ಹೂಕುಂಡ. ಒಡೆಯ ಒಬ್ಬ ನಿವೃತ್ತ ನಾವಿಕ. ಹಿಂದೆ ಹಾಂಗ್‌ಕಾಂಗಿನಿಂದ ಹಡಗಿನ ಮೇಲೆ ಹೊರಿಸಿಕೊಂಡು ತಂದೆ ಎಂದ. ಸರೋವರದ ನಕಲಿ ದೋಣಿಯವನೂ ಹೀಗೇ ಹೇಳಿದ್ದ. ಉಳಿದ ಒಂದೇ ನಿಂಬೆಹಣ್ಣನ್ನು ಕೊಯ್ದೆ. ಸಂದಿಯನ್ನು ಕೆರೆದು ಹಿಂಡಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಣ್ಣಗೆ ಬುಸುಗುಟ್ಟಿ ಬಿಳಿ ನೊರೆ ಎದ್ದಿತು. ಒಡೆಯನ ಫೋನಿನಿಂದಲೇ ಯಜಮಾನನನ್ನು ಕರೆದೆ.

ತಗಡು ಕಳಚಿ, ಸರೋವರದ ನಕಲಿ ದೋಣಿಯ ಹಾಯಿಯನ್ನೇ ಬಾಡಿಗೆಗೆ ತಂದು ಏರಿಸಿದೆವು. ಆದರೆ ನಿಂಬೆ ಬಿದ್ದ ಜಾಗ ಮರುದಿನ ಬೆಳ್ಳಗೆ, ಹೊಸದಾಗಿ ಮೆತ್ತಿದ ಹಾಗೆ ಕಾಣತೊಡಗಿತು. ಇಡೀ ದೋಣಿಯಲ್ಲಿ ಸಂಶಯ ಬರುವಂಥದ್ದು ಅದೊಂದೇ. ಗಟ್ಟಿ ಚಾ ಕುದಿಸಿ, ಮಸಿ ಬೆರೆಸಿ ಬಳಿದೆ. ಒಣಗಿದ ಮೇಲೂ ಬೇರೆಯೇ ಕಂಡಿತು.

ನಿರ್ದೇಶಕರು ಬಂದವರೇ ಹಲಗೆಯ ಸಂದಿಗುಂಟ ಬೆರಳು ಎಳೆಯುತ್ತ ನಡೆದರು. ಬೆರಳು ನನ್ನ ಚಾ ಬಳಿದ ಜಾಗಕ್ಕೆ ಬಂದು ನಿಂತಿತು. ಇದು ಯಾವಾಗಿನದು ಎಂದು ಕೇಳಿದರು. ಯಜಮಾನ ನನ್ನನ್ನೇ ನೋಡುತ್ತಿದ್ದ. ಹಳೆಯದೇ ಎನ್ನಬಹುದಿತ್ತು. ಮೊನ್ನೆ ನಾನೇ ಬಳಿದದ್ದು ಎಂದು, ಯಾಕೆ ಎಂಬುದನ್ನೂ ಹೇಳಿದೆ. ಅವರು ನಂಬಲಿಲ್ಲ. ಒಡೆಯ ಅಡುಗೆಮನೆಯಿಂದ ನಿಂಬೆಹಣ್ಣು ತಂದ. ಈ ಸಲ ನಿರ್ದೇಶಕರೇ ಬೇರೊಂದು ಕಡೆ ಕೆರೆದು ಹಿಂಡಿ, ನೊರೆಗೆ ಮೂಗು ತಾಗುವಷ್ಟು ಬಗ್ಗಿದರು. ಹೆಂಗಸು ಈ ಸಲವೂ ಟೊಪ್ಪಿ ತೆಗೆದಿದ್ದರು.

ಯಜಮಾನ ಕರಾರಿಗೆ ಸಹಿ ಹಾಕಿದ್ದು ಆ ದೋಣಿಯಲ್ಲಿ ಹೂಕುಂಡ ಇಟ್ಟಿದ್ದ ಹಲಗೆಯ ಮೇಲೆ ಕಾಗದ ಇಟ್ಟು. ನಾನು ಕನ್ನಡದಲ್ಲಿ ನನ್ನ ಹೆಸರು ಬರೆದು, ಮತ್ತೆ ಚಾ ಕುದಿಸಲು ಹೋದೆ. ಈಗ ಬಳಿಯಬೇಕಾದ ಜಾಗ ಎರಡಾಗಿತ್ತು.