ಸಿರುಗುಪ್ಪದಿಂದ ಬಂದ ತುಕ್ಕಿನ ಒಲೆ

ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಉರಿಯುತ್ತಿದ್ದ ಗ್ಯಾಸ್ ಒಲೆಗೆ ವಿಭೂತಿ ಮೆತ್ತಿ ಅದರ ಉಸಿರು ಕಟ್ಟಿಸಿದವನು ನಾನೇ. ನಮ್ಮ ಮನೆಯಲ್ಲಿ ಇವತ್ತಿಗೂ ಕೆಲವರು ಒಲೆಯೇ ಸರಿ ಇರಲಿಲ್ಲ ಅನ್ನುತ್ತಾರೆ, ನನ್ನ ಮೇಲಿನ ಕನಿಕರಕ್ಕೆ. ಬೇಡ. ಬಳ್ಳಾರಿಯಲ್ಲಿ ಇಂಥ ಕೆಲಸ ಮಾಡಿದವನು ನಾನೊಬ್ಬನೇ ಇರಬೇಕು, ಆ ಕೀರ್ತಿ ಹಂಚಿಕೊಳ್ಳುವ ಮನಸ್ಸು ನನಗಿಲ್ಲ.

ಎಂಬತ್ತರ ದಶಕದ ಶುರು. ವರ್ಷಗಟ್ಟಲೆ ಕಾಯಿಸಿದ ಮೇಲೆ ನಮ್ಮ ಮನೆಗೆ ಗ್ಯಾಸ್ ಸಿಲಿಂಡರು ಬಂತು. ಬಂದದ್ದು ಸಿಲಿಂಡರು ಮಾತ್ರ. ಒಲೆ ಕೊಳ್ಳಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಸಿಲಿಂಡರು ಪಡಸಾಲೆಯ ಮೂಲೆಯಲ್ಲಿ ಹೊಸ ಅಳಿಯನ ಹಾಗೆ ಸುಮ್ಮನೆ ಕುಂತಿತ್ತು. ಬಂದವರೆಲ್ಲ ಅದರ ಬೆನ್ನು ತಟ್ಟಿ, ಚಹಾ ಕುಡಿದು ಹೋಗುತ್ತಿದ್ದರು. ಆ ಚಹಾ ಕಾಯುತ್ತಿದ್ದದ್ದು ಕಟ್ಟಿಗೆ ಒಲೆಯ ಮೇಲೆ.

ಆ ಒಲೆಯ ಮುಂದೆ ಅತ್ತಿಗೆ. ಅವ್ವ ತೀರಿಕೊಂಡ ಮೇಲೆ ಅಡಿಗೆಮನೆ ಪೂರ್ತಿ ಅವರ ಪಾಲಿಗೆ ಬಿದ್ದಿತ್ತು. ಅಣ್ಣನಿಗೆ ಹೊಸಪೇಟೆಯಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದ. ಮಳೆಗಾಲದ ಹಸಿ ಜಾಲಿ ಕಟ್ಟಿಗೆ ಹೊತ್ತಿಕೊಳ್ಳುವಷ್ಟರಲ್ಲಿ ಅತ್ತಿಗೆಯ ಕಣ್ಣು ಕೆಂಪಾಗಿ, ದನಿ ಕಟ್ಟಿ, ಮಧ್ಯಾಹ್ನದವರೆಗೂ ಕೆಮ್ಮು. ಸಿಲಿಂಡರಿನ ದಾರಿ ಅವರು ಕಾದ ಹಾಗೆ ಮನೆಯಲ್ಲಿ ಯಾರೂ ಕಾದಿರಲಿಲ್ಲ.

ಅಪ್ಪನದು ಬೇರೆಯೇ ರಾಗ. "ಜ್ವಾಳದ ರೊಟ್ಟಿ ಗ್ಯಾಸಿನ ಮ್ಯಾಲೆ ಉಬ್ಬೂದಿಲ್ಲ. ಉಬ್ಬಲಾರದ್ದು ರೊಟ್ಟಿ ಅಲ್ಲ, ರಟ್ಟು. ಬರೋ ಸೋಮವಾರ ನನ್ನ ಕಣ್ಣೆದುರಿಗೆ ಉಬ್ಬಿಸಿ ತೋರಿಸ್ರಿ. ಇಲ್ಲಂದ್ರ ಸಿಲಿಂಡರ್ ವಾಪಸ್."

ಈ ಮಾತನ್ನು ನಾನು ಅಪ್ಪನ ದನಿಯಲ್ಲೇ ಬಾಗಿಲ ಹಿಂದೆ ನಿಂತು ಎಷ್ಟು ಚೆಂದ ಹೇಳಿದೆ ಅಂದರೆ, ಅತ್ತಿಗೆ ತಟಕ್ಕನೆ ಎದ್ದು ತಲೆ ಮೇಲೆ ಸೆರಗು ಎಳೆದುಕೊಂಡರು. ನಾನು ಅಂತ ಗೊತ್ತಾದ ಮೇಲೆ ಲಟ್ಟಣಿಗೆ ಎತ್ತಿಕೊಂಡರು. "ಮಾವಾರ ಮಾತು ಎಷ್ಟು ಚಂದ ಆಡ್ತೀಯೋ ಮಾರಾಯಾ, ಒಂದು ಒಲಿ ತಂದು ಕೊಡೋ ಮಾತು ಆಡು ನೋಡಣ!"

ಆಡಿದೆ. ಅತ್ತಿಗೆಯ ತವರು ಸಿರುಗುಪ್ಪಕ್ಕೆ ಹೋದೆ. ಅವರ ಅಣ್ಣನಿಗೆ ಅಲ್ಲಿ ಭತ್ತದ ವ್ಯಾಪಾರ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು, ಮಿಕ್ಕಿದ್ದು ನಗು. "ಏಮಯ್ಯಾ, ಒಲಿ ಬೇಕಾ? ಬಾ, ರಾಜರ ಒಲಿ ಐತಿ ನಮ್ಮಲ್ಲಿ" ಎಂದು ಗೋದಾಮಿಗೆ ಕರೆದುಕೊಂಡು ಹೋದರು. ಖಾಲಿ ಚೀಲಗಳ ಅಡಿಯಿಂದ ಎಳೆದು ತೆಗೆದದ್ದು ತೊಟ್ಟಿಲಿನಷ್ಟು ಉದ್ದದ ಕಬ್ಬಿಣದ ಪೆಟ್ಟಿಗೆ. ಒಳಗೆ ಮೂರು ಕೊಳವೆ, ಕೊಳವೆಗಳ ಮೈತುಂಬ ಸಣ್ಣ ತೂತು, ಮೇಲೆ ಸರಳಿನ ಜಾಲರಿ. ಕಾಲುವೆ ಕೆಲಸಕ್ಕೆ ಬಂದಿದ್ದ ಯಾರೋ ದೊಡ್ಡ ಸಾಹೇಬರು ವರ್ಗವಾದಾಗ ಬಿಟ್ಟು ಹೋದ ಗ್ಯಾಸಿನ ಒಲೆಯಂತೆ. ಮುಟ್ಟಿದರೆ ಸಂಡೂರಿನ ಮಣ್ಣು ಮುಟ್ಟಿದ ಹಾಗೆ ಕೈಯೆಲ್ಲ ಕೆಂಪು. ಸಾಹೇಬರು ಅದರ ಮೇಲೆ ಏನು ಸುಡುತ್ತಿದ್ದರು ಅಂತ ನಾನು ಕೇಳಲಿಲ್ಲ, ಅತ್ತಿಗೆಯ ಅಣ್ಣನೂ ಹೇಳಲಿಲ್ಲ. ನನಗಂತೂ ಅದನ್ನು ನೋಡಿದ ಕೂಡಲೇ ಎದೆ ಕುಣಿಯಿತು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಮೂರು ಕೊಳವೆಯ ಒಲೆ ಇರಲಿಲ್ಲ!

ನೇರ ಬಸ್ಸು ತಪ್ಪಿ, ಕುರುಗೋಡು ಸುತ್ತಿ ಹೋಗುವ ಬಸ್ಸಿನ ಮೇಲೆ ಒಲೆ ಏರಿಸಿದೆ. ಕುರುಗೋಡಿನಲ್ಲಿ ಮೆಣಸಿನಕಾಯಿ ಚೀಲ ಏರಿಸಲು ಬಂದವರು ಅದರ ಸುತ್ತ ಸೇರಿದರು.

"ಏನ್ಲೇ ಇದು? ಔಷಧ ಹೊಡಿಯೋ ಮಿಷನ್ನು?"

"ಅಲ್ಲಲೇ, ಮೊಟ್ಟಿ ಮರಿ ಮಾಡೋ ಪೆಟಗಿ."

ನಾನು ಕೆಳಗಿಂದಲೇ ಎದೆ ಉಬ್ಬಿಸಿ, ತಹಶೀಲ್ದಾರರ ದನಿ ತೆಗೆದೆ. "ಅದು ಸರಕಾರದ್ದು. ಯಾರೂ ಮುಟ್ಟಬ್ಯಾಡ್ರಿ." ಚೀಲದವರು ಹೆದರಿ ದೂರ ಸರಿದರು. ಕಂಡಕ್ಟರ್ ಮಾತ್ರ ಹತ್ತಿರ ಬಂದ. "ಸರಕಾರದ್ದಂದ್ರ ಚಲೋ ಆತು ಸಾಹೇಬ್ರ. ಪುಗಸಟ್ಟೆ ಬಿಟ್ಟಿದ್ದೆ, ಈಗ ಲಗೇಜ್ ಟಿಕೀಟು ತಗೋರಿ." ಟಿಕೀಟು ತೆಗೆದುಕೊಂಡೆ. ತಹಶೀಲ್ದಾರರಿಗೆ ಬಳ್ಳಾರಿಯವರೆಗೂ ದನಿ ಬರಲಿಲ್ಲ.

ನಮ್ಮ ಓಣಿಯ ತುದಿಯಲ್ಲಿ ಕಿಟಕಿ ಸರಳು ಬೆಸೆಯುವ ಚಾಚಾ ಇದ್ದರು. ಒಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬೇಟಾ, ಇದರಾಗ ಕಬ್ಬಿಣ ಯಾವುದು, ತುಕ್ಕು ಯಾವುದು, ಮೊದಲ ಅದು ಹೇಳು" ಅಂದರು. ಕೂಲಿ ಕೊಡುವ ಶಕ್ತಿ ನನಗಿಲ್ಲ ಅಂತ ಅವರಿಗೂ ಗೊತ್ತಿತ್ತು. ಅದರ ಬದಲು ಅವರ ಮಾವನ ಹಾಗೆ ಮಾತಾಡಿ ತೋರಿಸಬೇಕು ಅಂತ ಕರಾರು. ಮಾವ ಮೂಗಿನಲ್ಲಿ ಮಾತಾಡುವವರು. ನಾನು ಮೂಗು ಹಿಡಿದು "ಅಳಿಯಾ, ಕೆಲಸಾ ಬಿಟ್ಟು ಏನಪಾ ನಗ್ತೀ" ಅಂದರೆ ಚಾಚಾ ಬೆಸುಗೆ ಬಿಟ್ಟು ಹೊಟ್ಟೆ ಹಿಡಿದುಕೊಳ್ಳುವರು. ಹೀಗೆ ನಕ್ಕು ನಕ್ಕು ಒಲೆಯ ಮುರಿದ ಕಾಲು ಬೆಸೆದುಕೊಟ್ಟರು. ಜಾಲರಿಯ ಸವೆದ ಸರಳು ತೆಗೆದು, ಕಿಟಕಿಗೆ ಹಾಕಿ ಉಳಿದ ತುಂಡು ಕೂಡಿಸಿದರು.

ಉಳಿದದ್ದು ನಾನು, ಅತ್ತಿಗೆ. ಇಟ್ಟಿಗೆ ಚೂರಿನಿಂದ ಉಜ್ಜಿದೆವು, ಸೀಮೆಎಣ್ಣೆಯಲ್ಲಿ ನೆನೆಸಿ ಮತ್ತೆ ಉಜ್ಜಿದೆವು. ಜಾಲರಿಯನ್ನು ಮಾತ್ರ ಅತ್ತಿಗೆ ನನಗೆ ಮುಟ್ಟಗೊಡಲಿಲ್ಲ. ಹುಣಸೆಹಣ್ಣು, ಬೂದಿ, ಹಂಡೆಗಟ್ಟಲೆ ಬಿಸಿನೀರು ಹಾಕಿ ಆ ಸಾಹೇಬರ ಊಟದ ನೆನಪೇ ಉಳಿಯದ ಹಾಗೆ ತಿಕ್ಕಿದರು. ಕೊಳವೆಯ ತೂತುಗಳನ್ನು ಸೀಮೆಎಣ್ಣೆ ಸ್ಟೋವಿನ ಪಿನ್ನಿನಿಂದ ಒಂದೊಂದಾಗಿ ಬಿಡಿಸಿದೆ. ಗ್ಯಾಸ್ ಬಿಡಲು ತಿರುಗಿಸುವ ಗುಬ್ಬಿ ಬಿದ್ದು ಹೋಗಿತ್ತು, ಅಲ್ಲಿಗೆ ಹೊಲಿಗೆ ದಾರದ ಕಟ್ಟಿಗೆ ರೀಲು ಬಡಿದು ಕೂಡಿಸಿದೆ. ಶನಿವಾರ ಅಂಗಳದಲ್ಲಿ ಸಿಲಿಂಡರಿಗೆ ಜೋಡಿಸಿ, ಸೋರುತ್ತದೆಯೇ ಅಂತ ಸೋಪಿನ ನೊರೆ ಹಚ್ಚಿ ನೋಡಿ, ಕಡ್ಡಿ ಗೀರಿದೆವು. ಭಗ್ ಅಂತ ಮೂರು ಸಾಲು ನೀಲಿ ಉರಿ! ಅತ್ತಿಗೆ ಚಪ್ಪಾಳೆ ತಟ್ಟಿದರು. ನಾನು ಕುಣಿದೆ, ಕಾಲಿಗೆ ಬಕೆಟ್ ತಾಗಿಸಿಕೊಂಡು ಬಿದ್ದೆ, ಬಿದ್ದವನು ಎದ್ದು ಮತ್ತೆ ಕುಣಿದೆ.

ಸೋಮವಾರ ಬೆಳಿಗ್ಗೆ. ಅಪ್ಪ ಜಳಕ ಮಾಡಿ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಂತರು. ಮನೆಗೆ ಹೊಸದಾಗಿ ಏನು ಬಂದರೂ ಮೊದಲು ವಿಭೂತಿ ಹಚ್ಚುವುದು ನಮ್ಮ ಪದ್ಧತಿ, ಸೈಕಲ್ಲಾಗಲಿ, ಕೊಡಪಾನವಾಗಲಿ. "ಪೆಟಗಿ ಮೈಗೆ ಒಂದೀಟು ಹಚ್ಚು, ಸಾಕು" ಅಂದರು ಅತ್ತಿಗೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ನಮ್ಮ ಮನೆಗೆ ಬರುವ ಅಯ್ಯನವರ ಹಾಗೆ ಗಂಟಲು ಸರಿಮಾಡಿಕೊಂಡು, ಅಂಗೈಯಲ್ಲಿ ವಿಭೂತಿ ಗಟ್ಟಿಯಾಗಿ ಕಲಸಿ, "ಮೂರು ಬೆರಳು, ಮೂರು ಕೊಳವಿ! ಇದು ಶಿವನ ಮಾಡಿಸಿದ ಒಲಿ!" ಎಂದು ಕೊಳವೆಗಳ ಈ ತುದಿಯಿಂದ ಆ ತುದಿಯವರೆಗೆ ಬಳಿದುಬಿಟ್ಟೆ. ಅಪ್ಪನಿಗೂ ಭಕ್ತಿ ಬಂದು ಕೈ ಮುಗಿದರು. ಅತ್ತಿಗೆ ಹಿಟ್ಟು ನಾದಿ ಮುಗಿಸುವಷ್ಟರಲ್ಲಿ ವಿಭೂತಿ ತೂತುಗಳಲ್ಲಿ ಗಾರೆಯ ಹಾಗೆ ಒಣಗಿತ್ತು.

ಕಡ್ಡಿ ಗೀರಿದರು. ರೀಲು ತಿರುವಿದರು. ತುದಿಯಲ್ಲಿ ಒಂದು ಉರಿ ಪುಸ್ಸೆಂದು ಮುಖ ತೋರಿಸಿ ಆರಿತು. ಇನ್ನೊಂದು ಕಡ್ಡಿ. ಅದೂ ಅಷ್ಟೇ. ಅತ್ತಿಗೆ ಗ್ಯಾಸ್ ಬಂದ್ ಮಾಡಿ ನನ್ನ ಕಡೆ ನೋಡಿದ ನೋಟ, ಅದನ್ನು ಮಾತ್ರ ನಾನು ಯಾವತ್ತೂ ಅಣಕಿಸಿಲ್ಲ.

"ಮುಗೀತಲ್ಲ? ಕಟಿಗಿ ಹಚ್ಚವಾ" ಎಂದು ಅಪ್ಪ ಎದ್ದರು.

"ಅಪ್ಪಾ, ನಿಂದರ್ರಿ, ನಿಂದರ್ರಿ!" ಎಂದು ಓಡಿ ಸೈಕಲ್ ಪಂಪು ತಂದೆ. ಅತ್ತಿಗೆ ಅಷ್ಟರಲ್ಲಿ ರಬ್ಬರ್ ಕೊಳವೆ ಕಳಚಿ, ಕಿಟಕಿ ಪೂರ್ತಿ ತೆರೆದಿದ್ದರು. ಪಿನ್ನಿನಿಂದ ಕೆರೆದೆ, ಕೊಳವೆಯ ಬಾಯಿಗೆ ಪಂಪು ಹಚ್ಚಿ ಬಟ್ಟೆ ಸುತ್ತಿ ಜೀವ ಬಿಟ್ಟು ಒತ್ತಿದೆ. ಏನು ನಡೆದಿದೆ ಅಂತ ಅಪ್ಪ ಬಗ್ಗಿದ್ದೂ, ವಿಭೂತಿ ಧೂಳು ಭುಸ್ಸೆಂದು ಹಾರಿದ್ದೂ ಒಂದೇ ಹೊತ್ತಿಗೆ. ಹುಬ್ಬು, ಮೀಸೆ, ಕಿವಿ ಎಲ್ಲ ಬಿಳಿ. ಯಾರೂ ನಗಲಿಲ್ಲ. ನಕ್ಕರೆ ಸಿಲಿಂಡರು ಹೋಗುತ್ತಿತ್ತು. ನಾನು ನಾಲಿಗೆ ಕಚ್ಚಿಕೊಂಡು ಉಳಿದೆರಡು ಕೊಳವೆಗೂ ಪಂಪು ಹೊಡೆದೆ.

ಧೂಳೆಲ್ಲ ಒರೆಸಿ, ಮತ್ತೆ ಜೋಡಿಸಿ, ಮತ್ತೆ ನೊರೆ ಹಚ್ಚಿ ನೋಡಿ, ಅತ್ತಿಗೆ ಕಡ್ಡಿ ಗೀರಿದರು. ಭಗ್! ಮೂರೂ ಸಾಲು. ಹಂಚು ಏರಿತು. ಅತ್ತಿಗೆ ಟಪಟಪ ರೊಟ್ಟಿ ಬಡಿದು ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಕೊನೆಗೆ ಎತ್ತಿ ಜಾಲರಿಯ ಮೇಲೆ ಇಟ್ಟರು. ರೊಟ್ಟಿಯ ಒಂದು ಅಂಚು ಅಲುಗಿತು. ನಡುವೆ ಒಂದು ಗುಳ್ಳೆ. ಆಮೇಲೆ ಇಡೀ ರೊಟ್ಟಿ ಬುಸುಬುಸು ಎದ್ದು ದುಂಡಗೆ ನಿಂತಿತು!

"ಉಬ್ಬಿತು! ಅಪ್ಪಾ, ಉಬ್ಬಿತು!" ನನ್ನ ಕೂಗಿಗೆ ಓಣಿಯ ನಾಯಿಗಳೂ ಬೊಗಳಿದವು.

ಅಪ್ಪ ಮುಖದ ವಿಭೂತಿ ಒರೆಸಿಕೊಳ್ಳದೆಯೇ ಕುಂತು ರೊಟ್ಟಿ ಮುರಿದರು. ಬೆಣ್ಣೆ ಹಚ್ಚಿಕೊಂಡರು. ಒಂದು ತಿಂದರು. ಇನ್ನೊಂದಕ್ಕೆ ಕೈ ಚಾಚಿದರು. ಅದನ್ನೂ ಮುಗಿಸಿ ಬೆರಳು ನೆಕ್ಕುತ್ತ ಅಂದರು, "ಉಬ್ಬಿದ್ದು ಖರೆ. ಆದ್ರ ಆ ಹೊಗಿ ರುಚಿ ಇಲ್ಲ ಬಿಡು. ಸಿಲಿಂಡರ್ ವಾಪಸ್ ಕೊಡೂದ ಚಲೋ."

ಮದುವೆಯಾಗಿ ಬಂದಾಗಿನಿಂದ ಅಪ್ಪನ ಜೊತೆ ಹೂಂ, ಊಹೂಂ ಬಿಟ್ಟು ಮಾತಾಡದ ಅತ್ತಿಗೆ, ಮೂರನೆಯ ರೊಟ್ಟಿಯನ್ನು ತಾಟಿಗೆ ಹಾಕುತ್ತ ಮೆಲ್ಲಗೆ ಅಂದರು:

"ಹೊಗಿ ರುಚಿ ಬೇಕಂದ್ರ ನಾಳಿಂದ ಕಟಿಗಿ ಒಲಿ ನೀವ ಊದ್ರಿ ಮಾವಾರ. ನಾ ಮಣಿ ಹಾಕ್ಕೊಂಡು ಕುಂತು, ಬಿಸಿ ರೊಟ್ಟಿ ತಿಂದು, ರುಚಿ ಹೆಂಗೈತಿ ಹೇಳ್ತೀನಿ."