ಮಾಸ್ಟರ ಮೀಸೆ ಅಂಟಿಸಿಕೊಂಡ ಸಂಜೆ

ಮೊನ್ನೆ ಶೃಂಗೇರಿಯಲ್ಲಿ ಒಂದು ಕಾರ್ಯಕ್ರಮವಿತ್ತು. ವೇದಿಕೆಯ ಹಿಂದೆ ಕನ್ನಡಿ ಹಿಡಿದು ಕೂತು, ಮೀಸೆ ಅಂಟಿಸುವ ಗಮ್ಮಿನ ಸೀಸೆಯ ಮುಚ್ಚಳ ತೆಗೆದೆ. ಅರ್ಧ ಸ್ಪಿರಿಟ್ಟು, ಅರ್ಧ ಹಲಸಿನ ಮೇಣದಂಥ ವಾಸನೆ... ಮೂಗಿಗೆ ಹೊಡೆದದ್ದೇ ತಡ, ನಾನು ಶೃಂಗೇರಿಯಲ್ಲಿರಲಿಲ್ಲ. ಕೊಪ್ಪ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಮಾಸ್ಟರ ಎದುರಿಗಿದ್ದೆ.

ನನ್ನ ವಿಷಯ ಮೊದಲು ಹೇಳಿ ಮುಗಿಸುತ್ತೇನೆ, ದೊಡ್ಡದೇನಿಲ್ಲ. ನಾನು ಮಿಮಿಕ್ರಿ ಮಾಡುವವನು. ಮಂತ್ರಿಗಳಿಂದ ಹಿಡಿದು ನಮ್ಮ ಮನೆಯ ಮಿಕ್ಸಿಯವರೆಗೆ ಎಲ್ಲರ ದನಿಯೂ ಬರುತ್ತದೆ. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ, “ಈಗ ನಿಮ್ಮ ದನೀಲಿ ಒಂದೆರಡು ಮಾತಾಡಿ” ಎಂದರು. ಕೆಮ್ಮು ಬಂತು. ಸಂಬಂಧ ಅಲ್ಲಿಗೇ ಮುರಿಯಿತು.

ಮಾಸ್ಟರು ತಮಿಳು ಸಿನಿಮಾದಲ್ಲಿ ಹಾಸ್ಯನಟರಾಗಿದ್ದವರು. ಸಂಗೀತ ನಿರ್ದೇಶಕರೂ ಹೌದು, ಆದರೆ ಅದನ್ನು ಅವರೇ ಹೇಳಿಕೊಳ್ಳಬೇಕಿತ್ತು. ಹೆಂಡತಿಯ ಊರು ಬಸರೀಕಟ್ಟೆ. ಆಕೆಯ ಅಪ್ಪ ಅಲ್ಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅವಕಾಶಗಳು ಕಡಿಮೆಯಾದ ಮೇಲೆ ಗಂಡ ಹೆಂಡತಿ ಈ ಕಡೆಗೇ ಬಂದರು. ಮಾಸ್ಟರು ಕೊಪ್ಪದಲ್ಲಿ ಕೀಬೋರ್ಡ್ ಕ್ಲಾಸು ತೆರೆದರು. ನಾನೂ ಸೇರಿದೆ. ವರ್ಷ ಕಳೆಯುವಷ್ಟರಲ್ಲಿ ನನ್ನ ಬೆರಳಿಗೆ ಏನೂ ಹತ್ತಲಿಲ್ಲ. ಗಂಟಲಿಗೆ ಮಾತ್ರ ಮಾಸ್ಟರು ಪೂರ್ತಿ ಹತ್ತಿಬಿಟ್ಟರು.

ಅವರು ಹಾರ್ಮೋನಿಯಂ ಹೊತ್ತು ಮದ್ರಾಸಿಗೆ ಹೋದದ್ದು ಟ್ಯೂನ್ ಹಾಕಲು. ಒಬ್ಬ ನಿರ್ಮಾಪಕರ ಎದುರು ಶೋಕದ ಹಾಡೊಂದನ್ನು ನುಡಿಸುತ್ತ, ತನ್ಮಯರಾಗಿ ತಾವೇ ಅತ್ತುಬಿಟ್ಟರಂತೆ. ಕಣ್ಣು ಬಿಟ್ಟರೆ ನಿರ್ಮಾಪಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ! ಹಾಡು ಅಲ್ಲೇ ಉಳಿಯಿತು, ಅಳು ಸಿನಿಮಾಕ್ಕೆ ಹೋಯಿತು. ಉಸಿರು ಒಳಗೆಳೆದುಕೊಂಡು, ಮೀಸೆಯ ಒಂದೇ ತುದಿಯನ್ನು ಮೇಲಕ್ಕೆ ಹಾರಿಸಿ ಅಳುವ ಅಳು. ಸಿನಿಮಾದಲ್ಲಿ ಹೆಂಡತಿ ಬಿಟ್ಟುಹೋದರೂ ಅದೇ, ಕೈಯಿಂದ ಇಡ್ಲಿ ಜಾರಿದರೂ ಅದೇ.

ಆಮೇಲೆ, ನಟನೆ ಬೇಕಾದರೆ ಸಂಗೀತವನ್ನೂ ಕೊಡಿ ಎಂದು ಹಟ ಹಿಡಿದು ಕೆಲವು ಸಣ್ಣ ಸಿನಿಮಾಗಳಿಗೆ ಸಂಗೀತ ಮಾಡಿದರು. ಮೊದಲನೆಯದನ್ನು ನೋಡಲು ಹೋಗಿ ಜನರ ನಡುವೆ ಕೂತಿದ್ದಾಗ ಪರದೆಯ ಮೇಲೆ ‘ಸಂಗೀತ’ ಎಂದು ಅವರ ಹೆಸರು ಬಂತು. ಇಡೀ ಥಿಯೇಟರ್ ಗೊಳ್ಳೆಂದಿತು.

“ಹಾಡು ಇನ್ನೂ ಬಂದಿರ್ಲಿಲ್ಲ ತಂಬಿ,” ಎನ್ನುತ್ತಿದ್ದರು ಮಾಸ್ಟರು. “ಬರೀ ಹೆಸರು.”

ಟ್ಯೂನ್ ಹಾಕುವಾಗ ಸಾಹಿತ್ಯವಿಲ್ಲದಿದ್ದರೆ ಬಾಯಿಗೆ ಬಂದ ಮಾತು ತುಂಬಿಸಿ ಹಾಡುವುದು ಅವರ ಪದ್ಧತಿ. ಮದ್ರಾಸಿನಲ್ಲಿ ತಿಂಡಿಗಳ ಹೆಸರು ತುಂಬಿಸುತ್ತಿದ್ದರಂತೆ. ಇಲ್ಲಿ ಕಿಟಕಿಯ ಕೆಳಗೆ ಕಂಡಕ್ಟರುಗಳ ಕೂಗು ಪುಕ್ಕಟೆ ಸಿಗುತ್ತಿತ್ತು. ಒಂದು ಟ್ಯೂನು ಬಹಳ ದಿನ ಅವರನ್ನು ಹಿಡಿದಿತ್ತು. ಮಗಳನ್ನು ಗಂಡನ ಮನೆಗೆ ಬಿಟ್ಟು ಒಬ್ಬನೇ ಮರಳುವ ತಂದೆಯದು. ಕಣ್ಣು ಮುಚ್ಚಿ, ಕರುಳು ಹಿಂಡುವ ಹಾಗೆ, “ಹರಿಹರಪುರಾ... ಶೃಂಗೇರೀ...” ಎಂದು ಹಾಡುತ್ತಿದ್ದರು.

ಕಾಫಿ ತಂದ ಅಕ್ಕ, ಅಂದರೆ ಮಾಸ್ಟರ ಹೆಂಡತಿ, ಬಾಗಿಲಲ್ಲೇ ನಿಂತು ನಗುತ್ತಿದ್ದರು. “ಎಂತಕ್ಕೆ ಇಷ್ಟು ಸಂಕಟ? ಶೃಂಗೇರಿ ಬಸ್ ತಪ್ಪಿತಾ?”

ಮಾಸ್ಟರೂ ನಕ್ಕರು. ಅಕ್ಕ ಒಳಗೆ ಹೋದ ಮೇಲೆ ಲೋಟ ಕೆಳಗಿಟ್ಟು, “ಸಾಯೋದ್ರೊಳಗೆ ನನ್ನ ಒಂದು ಟ್ಯೂನು ಯಾರೂ ನಗದೆ ಕೇಳ್ಬೇಕು ತಂಬಿ. ಒಂದೇ ಒಂದು,” ಎಂದರು. ನನ್ನ ನಾಲಿಗೆಯ ತುದಿಗೆ ತಮಾಷೆ ಬಂದಿತ್ತು. ನುಂಗಿಕೊಂಡೆ.

ಅಷ್ಟರಲ್ಲಿ ನರಸಿಂಹರಾಜಪುರದ ಹುಡುಗರು ಒಂದು ಸಂಗೀತ ಸಂಜೆಗೆ ಅವರನ್ನು ಕರೆದರು. ಪೋಸ್ಟರಿನಲ್ಲಿ ಹಳೆಯ ಫೋಟೋ: ಕಪ್ಪು ಕೂದಲು, ಹಾರುವ ಮೀಸೆ, ‘ಖ್ಯಾತ ಹಾಸ್ಯನಟ’. ಅಷ್ಟು ಹೊತ್ತಿಗಾಗಲೇ ಮಾಸ್ಟರಿಗೆ ಮೀಸೆಯೂ ಇರಲಿಲ್ಲ, ತಲೆಯ ಮೇಲೆ ಕೂದಲೂ ಇರಲಿಲ್ಲ. ಪೋಸ್ಟರನ್ನು ನೋಡಿದರು, ನನ್ನನ್ನು ನೋಡಿದರು.

“ಈ ಮನುಷ್ಯ ನಿನ್ನ ಹತ್ರ ಇದ್ದಾನಲ್ಲ ತಂಬಿ? ನೀನೇ ಕರ್ಕೊಂಡು ಹೋಗು. ನಾನು ಕೀಬೋರ್ಡ್ ಹಿಡ್ಕೊಂಡು ಹಿಂದೆ ಬರ್ತೀನಿ.”

“ಗೊತ್ತಾದ್ರೆ ಹೊಡೀತಾರೆ ಮಾಸ್ಟ್ರೇ!”

“ಹೊಡೆದ್ರೆ ನಿನಗೆ. ನಾನು ಬರೀ ಕೀಬೋರ್ಡಿನವ್ನು.”

ಆ ಸಂಜೆ ಅವರ ಮುಖವನ್ನು ಅವರೇ ನನ್ನ ಮುಖಕ್ಕೆ ಅಂಟಿಸಿದರು. ಗಮ್ಮು ಹಚ್ಚಿ, ಊದಿ, ಮೀಸೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಅಕ್ಕ ದೂರ ನಿಂತು ನೋಡಿ, “ಮದುವೆಯಲ್ಲಿ ಹೀಗೇ ಇದ್ರು ಮಾರಾಯ. ಅದಕ್ಕೇ ನಾನು ಮೋಸ ಹೋದದ್ದು,” ಎಂದರು. ಸಿನಿಮಾದವರಿಗೆ ವಯಸ್ಸಾಗುವುದಿಲ್ಲ ಎಂದು ಜನ ನಂಬಿರುವುದು ನಮ್ಮ ಪುಣ್ಯ. ವೇದಿಕೆ ಹತ್ತಿದ ಕೂಡಲೇ ಶಿಳ್ಳೆ ಬಿತ್ತು.

ಮಾಸ್ಟರ ಅಳು ಅತ್ತೆ. ಇಡ್ಲಿ ಬಿದ್ದ ಅಳು, ಹೆಂಡತಿ ಹೋದ ಅಳು, ಕರೆಂಟು ಹೋದ ಅಳು. ಮೈದಾನದ ತುಂಬ ಮೊಬೈಲುಗಳು ಮೇಲೆದ್ದವು. ಜನ ನಕ್ಕು ನಕ್ಕು ಸುಸ್ತಾದ ಮೇಲೆ ಮಾಸ್ಟರ ದನಿಯಲ್ಲೇ, “ನನಗೆ ಸ್ವಲ್ಪ ಉಸಿರು ಬಿಡೋಕೆ ಬಿಡಿ. ಅಷ್ಟರಲ್ಲಿ ನಮ್ಮ ಕೀಬೋರ್ಡಿನವರು ಒಂದು ಟ್ಯೂನ್ ನುಡಿಸ್ತಾರೆ,” ಎಂದೆ.

ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಬೋಳುತಲೆಯವರನ್ನು ಯಾರೂ ಗಮನಿಸಿರಲಿಲ್ಲ. ಅದೇ ಟ್ಯೂನು. ಮಾತಿಲ್ಲ, ಬಸ್ಸಿಲ್ಲ, ಬರೀ ಬೆರಳು. ನನ್ನ ಕಸುಬೇ ಜನರ ಮುಖ ನೋಡುವುದು. ಬದಿಗೆ ಸರಿದು ನೋಡುತ್ತ ನಿಂತೆ. ಕಡಲೆಕಾಯಿ ಸುಲಿಯುತ್ತಿದ್ದವನ ಕೈ ನಿಂತಿತು. ಒಬ್ಬಾಕೆ ಮಡಿಲಲ್ಲಿದ್ದ ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಮುಂದಿನ ಸಾಲಿನಲ್ಲಿದ್ದ ಅಕ್ಕ ಬಾಯಿಗೆ ಸೆರಗು ಹಿಡಿದರು. ಈಗ ನಕ್ಕುಬಿಡುತ್ತಾರೆ ಎಂದುಕೊಂಡೆ... ನಗಲಿಲ್ಲ. ಸೆರಗು ಕಣ್ಣಿಗೆ ಹೋಯಿತು.

ಶಾಲು ಹೊದಿಸಿದ್ದು ನನಗೆ. ಟ್ಯೂನು ಯಾರದೆಂದು ಯಾರೋ ಕೇಳಿದಾಗ ಮಾಸ್ಟರು ವೈರು ಸುತ್ತುತ್ತಲೇ, “ನಮ್ಮೂರ ಕಡೆಯ ಒಬ್ಬನದು,” ಎಂದರು. ಜೀಪಿನಲ್ಲಿ ಶಾಲನ್ನು ಅವರಿಗೆ ಕೊಡಲು ಹೋದರೆ, “ನಕ್ಕಿದ್ದು ನಿನಗೆ, ನೀನೇ ಇಟ್ಕೋ. ನನಗೆ ಬೇಕಾದ್ದು ಸಿಕ್ತು,” ಎಂದು ನನ್ನ ಹೆಗಲಿಗೇ ಹಾಕಿದರು. ಕೊಪ್ಪ ಬರುವವರೆಗೂ ಅಕ್ಕ ಅವರ ಕೈ ಬಿಡಲಿಲ್ಲ.

ಮಾಸ್ಟರು ಹೋದ ವರ್ಷ ತೀರಿಕೊಂಡರು. ಪೇಪರುಗಳಲ್ಲಿ ಆ ಅಳುವ ಫೋಟೋ ಬಂತು. ಸಂಗೀತದ ಬಗ್ಗೆ ಒಂದು ಸಾಲೂ ಇರಲಿಲ್ಲ. ಟ್ಯೂನುಗಳನ್ನು ಬರೆದಿಡುವ, ರೆಕಾರ್ಡ್ ಮಾಡುವ ಅಭ್ಯಾಸ ಅವರಿಗಿರಲಿಲ್ಲ. ನಾಳೆ ಇದಕ್ಕಿಂತ ಒಳ್ಳೆಯದು ಬರುತ್ತದೆ ಎನ್ನುತ್ತಿದ್ದರು. ನನಗೆ ಆ ಟ್ಯೂನಿನ ಮೊದಲ ಸಾಲು ನೆನಪಿದೆ. ಆಮೇಲೆ ಅದು ಎಲ್ಲಿಗೆ ತಿರುಗುತ್ತದೆ ಎಂಬುದು...

“ಆ ದಿನದ್ದು ಯಾರ ಮೊಬೈಲಲ್ಲಾದ್ರೂ ಇರ್ಬೋದು, ನೋಡು ಮಾರಾಯ,” ಎಂದು ಅಕ್ಕ ಫೋನ್ ಮಾಡಿದರು. ನರಸಿಂಹರಾಜಪುರಕ್ಕೆ ಹೋಗಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಎಲ್ಲರ ಹತ್ತಿರವೂ ಇದೆ: ಎದುರಿನಿಂದ, ಪಕ್ಕದಿಂದ, ಮರದ ಮೇಲಿನಿಂದ, ನನ್ನ ಅಳು. ಟ್ಯೂನು ಯಾರ ಹತ್ತಿರವೂ ಇಲ್ಲ. ಒಬ್ಬ ಹುಡುಗನ ವಿಡಿಯೋ ಮಾತ್ರ ಸ್ವಲ್ಪ ಮುಂದಕ್ಕೆ ಹೋಗಿದೆ. ಕೀಬೋರ್ಡಿನ ಒಂದೆರಡು ಸ್ವರ ಕೇಳುತ್ತದೆ, ಅಷ್ಟರಲ್ಲಿ ಯಾರೋ ವಯಸ್ಸಾದವರ ದನಿ: “ಮೊಬೈಲು ಕೆಳಗಿಡಿ ಮಾರಾಯ್ರೆ, ಕೇಳುವ.” ಚಿತ್ರ ವಾಲುತ್ತದೆ, ಯಾರದೋ ಚಪ್ಪಲಿ ಕಾಣುತ್ತದೆ, ಮುಗಿಯುತ್ತದೆ.

ಕಳೆದ ವಾರ ಅದನ್ನು ಅಕ್ಕನ ಮೊಬೈಲಿಗೆ ಹಾಕಿಕೊಟ್ಟು ಬಂದೆ. ಅವರು ಕಿವಿಯ ಹತ್ತಿರ ಹಿಡಿದು ಕೇಳಿದರು. ಮತ್ತೆ ಕೇಳಿದರು.

“ಹಾಡು ಇಲ್ವಲ್ಲ ಅಕ್ಕ,” ಎಂದೆ.

“ಹಾಡು ಅವ್ರ ಜೊತೆಗೇ ಹೋಯ್ತು ಬಿಡು. ‘ಕೇಳುವ’ ಅಂದ ಈ ಮಾತು ಅವ್ರ ಕಿವಿಗೆ ಬಿದ್ದಿತ್ತಾ?”

ಆ ದನಿ ಬಂದ ಸಾಲಿಗೂ ಕೀಬೋರ್ಡಿಗೂ ಎಷ್ಟು ದೂರವಿತ್ತೆಂದು ನೆನಪು ಮಾಡಿಕೊಳ್ಳುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಇನ್ನೊಮ್ಮೆ ಒತ್ತಿದರು.